ಟಾಪ್ಸಾ, ಬೋಮನ್ನಾ? ಬೇಸ್‌ಬಾಲ್ ಕಾರ್ಡ್ ಆರಿಸಿದ ಮಕ್ಕಳ ಬೆನ್ನಿಗಿದ್ದ ಕರಾರುಗಳು

ಅಮೆರಿಕದಲ್ಲಿ ಎಂಬತ್ತು ವಯಸ್ಸಿನ ಆಸುಪಾಸಿನ ಬೇಸ್‌ಬಾಲ್ ಅಭಿಮಾನಿಗಳ ಜೊತೆ ಬಾಲ್ಯದ ಮಾತು ತೆಗೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನೀನು ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡ್ ಕೊಳ್ಳುತ್ತಿದ್ದೆಯಾ, ಬೋಮನ್ ಕಂಪನಿಯದ್ದು ಕೊಳ್ಳುತ್ತಿದ್ದೆಯಾ? ಅರವತ್ತೈದು ವಯಸ್ಸಿನವರಿಗೆ ಈ ಪ್ರಶ್ನೆಯೇ ಹೊಸದು. ಅವರ ಬಾಲ್ಯದ ಅಂಗಡಿಗಳಲ್ಲಿ ಟಾಪ್ಸ್ ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ ಅನ್ನಬಹುದು. ಐವತ್ತು ದಾಟಿದವರು ಮಾತ್ರ ಮತ್ತೆ ಚರ್ಚೆಗೆ ಕೂರುತ್ತಾರೆ: ಟಾಪ್ಸ್, ಫ್ಲೀರ್, ಡಾನ್‌ರಸ್ ಈ ಮೂರರಲ್ಲಿ ಯಾವುದು ಚೆಂದ ಇತ್ತು ಅಂತ.

ಆಟ ಅದೇ, ಹವ್ಯಾಸ ಅದೇ, ನೆನಪು ಮಾತ್ರ ತಲೆಮಾರಿಗೊಂದು ಥರ. ಯಾಕೆ ಹೀಗೆ ಅಂತ ಹುಡುಕಿಕೊಂಡು ಹೋದರೆ ನಾವು ತಲುಪುವುದು ಕೋರ್ಟಿಗೆ. ಬಬಲ್ ಗಮ್ ಜೊತೆ ಆಟಗಾರನ ಚಿತ್ರ ಮಾರುವ ಹಕ್ಕು ಯಾರದು? ಸುಮಾರು ಮೂವತ್ತು ವರ್ಷ ಅಮೆರಿಕದ ವಕೀಲರು ಇದರ ಮೇಲೆ ವಾದ ಮಾಡಿದರು. ಅಂಗಡಿಯ ಕಟ್ಟೆಯ ಮುಂದೆ ನಿಂತ ಮಗುವಿಗೆ ಆಯ್ಕೆ ಇತ್ತೋ ಇಲ್ಲವೋ ಅನ್ನುವುದು ಆ ವಾದಗಳ ಮೇಲೆ ನಿಂತಿತ್ತು. ಮಗುವಿಗೆ ಇದು ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ತನ್ನ ಬ್ರಾಂಡನ್ನು ಪ್ರೀತಿಸಿತು. ಆ ಪ್ರೀತಿ ಸಣ್ಣದೇನೂ ಅಲ್ಲ, ಅದಕ್ಕೇ ಅದರ ಹಿನ್ನೆಲೆ ತಿಳಿಯುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ಮೊದಲು ಕಾರ್ಡ್ ಅಂದರೇನು ಅಂತ ಹೇಳಿಬಿಡುತ್ತೇನೆ. ಅಂಗೈಯಲ್ಲಿ ಹಿಡಿಸುವ ರಟ್ಟಿನ ತುಂಡು. ಮುಂದೆ ಆಟಗಾರನ ಚಿತ್ರ. ಹಿಂದೆ ಅವನ ಊರು, ಎತ್ತರ, ತೂಕ, ಆಟದ ಅಂಕಿಅಂಶ. ಪ್ರತಿ ಕಾರ್ಡಿಗೂ ಒಂದು ನಂಬರ್ ಇರುತ್ತದೆ. ಆ ವರ್ಷದ ಎಲ್ಲ ನಂಬರ್ ಸೇರಿದರೆ ಒಂದು ಸೆಟ್. ಕಾರ್ಡ್‌ಗಳು ಮೇಣದ ಕಾಗದದ ಪ್ಯಾಕ್‌ನಲ್ಲಿ ಬರುತ್ತಿದ್ದವು, ಜೊತೆಗೆ ಗುಲಾಬಿ ಬಣ್ಣದ ಒಂದು ಗಮ್ ಪಟ್ಟಿ. ಒಳಗೆ ಯಾರಿದ್ದಾರೆ ಅಂತ ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ಬಿಚ್ಚಿದ ಮೇಲೆ ‘ಇದಿದೆ, ಇದಿದೆ, ಇದು ಬೇಕು’ ಅಂತ ಎಣಿಕೆ ಶುರು. ಎರಡೆರಡು ಬಂದದ್ದನ್ನು ಗೆಳೆಯರ ಜೊತೆ ಬದಲಾಯಿಸಿಕೊಳ್ಳಬೇಕು. ಗೋಡೆಗೆ ಬೀಸಿ ಆಡುವ ಆಟಗಳಿದ್ದವು, ಗೆದ್ದವನಿಗೆ ಎಲ್ಲ ಕಾರ್ಡು. ಯಾರಿಗೂ ಬೇಡವಾದ ಆಟಗಾರನನ್ನು ಬಟ್ಟೆ ಕ್ಲಿಪ್ ಹಾಕಿ ಸೈಕಲ್ ಚಕ್ರದ ಕಡ್ಡಿಗೆ ಸಿಗಿಸುತ್ತಿದ್ದರು. ಟರ್ರ್ ಅಂತ ಮೋಟಾರ್ ಬೈಕಿನ ಸದ್ದು ಬರುತ್ತಿತ್ತು.

ಟಿವಿ ಎಲ್ಲರ ಮನೆಗೂ ಬಂದಿರದ ಕಾಲ ಅದು. ಸಣ್ಣ ಊರಿನ ಹುಡುಗ ತನ್ನ ನೆಚ್ಚಿನ ಆಟಗಾರನ ಆಟವನ್ನು ರೇಡಿಯೋದಲ್ಲಿ ಕೇಳುತ್ತಿದ್ದ. ಅವನ ಮುಖವನ್ನು ಬಣ್ಣದಲ್ಲಿ ನೋಡಬೇಕಾದರೆ ಈ ಕಾರ್ಡೇ ಗತಿ.

ಸಿಗರೇಟಿನಿಂದ ಗಮ್‌ಗೆ

ಕಾರ್ಡ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1880ರ ದಶಕದಲ್ಲಿ ಸಿಗರೇಟ್ ಕಂಪನಿಗಳು ಪ್ಯಾಕಿನೊಳಗೆ ಆಟಗಾರರ ಚಿತ್ರ ಇಡಲು ಶುರು ಮಾಡಿದವು. ಸಿಗರೇಟ್ ಮುರಿಯದಂತೆ ರಟ್ಟೂ ಆಯಿತು, ಗಿರಾಕಿಯನ್ನು ಹಿಡಿದಿಡುವ ಉಪಾಯವೂ ಆಯಿತು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಸೆಟ್ ಇವತ್ತಿಗೂ ಹೆಸರುವಾಸಿ. ಅದರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಚಿತ್ರ ಇತ್ತು. ವ್ಯಾಗ್ನರ್ ಒಪ್ಪದ ಕಾರಣ ಅದರ ಮುದ್ರಣ ಬೇಗ ನಿಂತಿತು. ಉಳಿದದ್ದು ಕೆಲವೇ ಡಜನ್. 2022ರಲ್ಲಿ ಅದರ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಗಮ್ ಕಂಪನಿಗಳು ಜೋರಾಗಿ ಬಂದದ್ದು 1930ರ ದಶಕದಲ್ಲಿ. ಬಾಸ್ಟನ್ನಿನ ಗೌಡಿ ಕಂಪನಿ 1933ರಲ್ಲಿ 240 ನಂಬರಿನ ಸೆಟ್ ತಂದಿತು. ಅದರಲ್ಲಿ 106ನೇ ಕಾರ್ಡನ್ನು ಅಚ್ಚೇ ಹಾಕಿರಲಿಲ್ಲ. ಮಕ್ಕಳು ಸಿಗದ ಆ ಒಂದು ಕಾರ್ಡಿಗಾಗಿ ಗಮ್ ಕೊಳ್ಳುತ್ತಲೇ ಇದ್ದರು. ಕೊನೆಗೆ ದೂರಿನ ಪತ್ರಗಳು ಬಂದವು. ಮುಂದಿನ ವರ್ಷ ಕಂಪನಿ ನ್ಯಾಪ್ ಲಜೋಯ್ ಅನ್ನುವ ಹಳೆಯ ಆಟಗಾರನ ಚಿತ್ರಕ್ಕೆ 106 ಅಂತ ನಂಬರ್ ಹಾಕಿ, ಪತ್ರ ಬರೆದವರಿಗೆ ಅಂಚೆಯಲ್ಲಿ ಕಳಿಸಿತು. ಕಾಸು ಕೂಡಿಸಿ ಗಮ್ ಕೊಂಡ ಮಕ್ಕಳಿಗೆ ಮಾಡಿದ್ದು ಮೋಸವೇ. ಆದರೆ ಆ ಮಕ್ಕಳು ಸುಮ್ಮನಿರದೆ ಕಾಗದ ಬರೆದು ಕೇಳಿದರಲ್ಲ, ಅದು ನನಗೆ ತುಂಬಾ ಇಷ್ಟ.

ಆಮೇಲೆ ಯುದ್ಧ ಬಂತು. ಕಾಗದಕ್ಕೂ ಬರ, ರಬ್ಬರಿಗೂ ಬರ. ಕಾರ್ಡ್ ನಿಂತುಹೋಯಿತು.

ಬೋಮನ್ ಮುಂದೆ, ಟಾಪ್ಸ್ ಹಿಂದೆ

ಯುದ್ಧ ಮುಗಿದ ಮೇಲೆ ಮೊದಲು ಎದ್ದದ್ದು ಫಿಲಡೆಲ್ಫಿಯಾದ ಬೋಮನ್. 1948ರಲ್ಲಿ 48 ಕಾರ್ಡಿನ ಸಣ್ಣ ಕಪ್ಪುಬಿಳುಪು ಸೆಟ್ ತಂದಿತು. ಎರಡೇ ವರ್ಷದಲ್ಲಿ ಫೋಟೊ ನೋಡಿ ಬಿಡಿಸಿದ ಬಣ್ಣದ ಚಿತ್ರಗಳಿಗೆ ಬಂತು. 1951ರ ಬೋಮನ್ ಸೆಟ್‌ನಲ್ಲಿ ಇಬ್ಬರು ಹೊಸ ಹುಡುಗರು ಮೊದಲ ಬಾರಿಗೆ ಕಾಣಿಸಿದರು: ಮಿಕಿ ಮ್ಯಾಂಟಲ್ ಮತ್ತು ವಿಲ್ಲಿ ಮೇಸ್. ಆಟಗಾರನ ಮೊದಲ ಕಾರ್ಡಿಗೆ ರೂಕಿ ಕಾರ್ಡ್ ಅನ್ನುತ್ತಾರೆ. ಇವರಿಬ್ಬರ ರೂಕಿ ಕಾರ್ಡ್ ಬೋಮನ್‌ನದ್ದು. ಅಂದಿನ ಬೋಮನ್ ಅಭಿಮಾನಿಗಳು ಇದನ್ನು ಈಗಲೂ ಬಿಟ್ಟುಕೊಡುವುದಿಲ್ಲ.

ಟಾಪ್ಸ್ ಬ್ರೂಕ್ಲಿನ್‌ನ ಕಂಪನಿ. ಶೋರಿನ್ ಕುಟುಂಬ 1938ರಲ್ಲಿ ಕಟ್ಟಿದ್ದು. ಬಜೂಕಾ ಗಮ್ ಇವರದ್ದೇ. 1951ರಲ್ಲಿ ಕಾರ್ಡಿಗೆ ಕೈಹಾಕಿದಾಗ ಗಮ್ ಜೊತೆ ಮಾರುವ ಧೈರ್ಯ ಮಾಡದೆ ಮೆತ್ತನೆಯ ಮಿಠಾಯಿ ಇಟ್ಟರು. ಯಾಕೆಂದರೆ ಗಮ್ ಜೊತೆ ಚಿತ್ರ ಮಾರಲು ಆಟಗಾರರ ಜೊತೆ ಬೋಮನ್ ಕರಾರು ಮಾಡಿಕೊಂಡಿತ್ತು. ಆ ಪ್ರಯತ್ನ ಹೆಚ್ಚು ಓಡಲಿಲ್ಲ.

ಅದೇ ವರ್ಷದ ಕೊನೆಗೆ ಟಾಪ್ಸ್‌ನ ಉದ್ಯೋಗಿ ಸೈ ಬರ್ಗರ್ ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ರಟ್ಟು ಕತ್ತರಿ ಹಿಡಿದು ಕೂತರು. ಜೊತೆಗೆ ವುಡಿ ಗೆಲ್ಮನ್. ಅವರು ಮಾಡಿದ್ದು 1952ರ ಟಾಪ್ಸ್ ಸೆಟ್. 407 ಕಾರ್ಡು. ಬೋಮನ್‌ಗಿಂತ ಎದ್ದು ಕಾಣುವಷ್ಟು ದೊಡ್ಡದು. ಮುಂದೆ ಬಣ್ಣ ಹಚ್ಚಿದ ಚಿತ್ರ, ತಂಡದ ಲಾಂಛನ, ಆಟಗಾರನ ಸಹಿಯ ಅಚ್ಚು. ಹಿಂದೆ ಕಳೆದ ವರ್ಷದ ಲೆಕ್ಕ, ಪಕ್ಕದಲ್ಲೇ ಇಡೀ ಜೀವಮಾನದ ಲೆಕ್ಕ. ಇವತ್ತು ಯಾವ ಆಟದ ಕಾರ್ಡ್ ನೋಡಿದರೂ ಅದರ ಮೂಲ ಮಾದರಿ ಇದೇ.

ಹಿಂಬದಿಯ ಆ ಲೆಕ್ಕದ ಬಗ್ಗೆ ಒಂದು ಮಾತು. ಕ್ರಿಕೆಟ್ ನೋಡಿ ಬೆಳೆದ ನಮಗೆ ಸರಾಸರಿ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಬೇಸ್‌ಬಾಲಿನಲ್ಲಿ ಸರಾಸರಿಯನ್ನು ದಶಮಾಂಶದಲ್ಲಿ ಬರೆಯುತ್ತಾರೆ, .300 ದಾಟಿದವನು ಒಳ್ಳೆಯ ಬ್ಯಾಟರ್. ಎಷ್ಟೋ ಮಕ್ಕಳಿಗೆ ದಶಮಾಂಶ ಅನ್ನುವುದು ಬೇಕು ಅನ್ನಿಸಿದ್ದೇ ಇಲ್ಲಿ. ಕಳೆದ ವರ್ಷ .310, ಈ ವರ್ಷ .268, ಹಾಗಾದರೆ ಇವನ ಕಾಲ ಮುಗಿಯಿತಾ ಅಂತ ಹತ್ತು ವರ್ಷದ ಮಕ್ಕಳು ಕೂತು ತರ್ಕ ಮಾಡುತ್ತಿದ್ದರು.

ಆಗ ಕಾರ್ಡ್‌ಗಳನ್ನು ಒಂದೇ ಸಲಕ್ಕೆ ಬಿಡುತ್ತಿರಲಿಲ್ಲ. ಸೀಸನ್ ಏಪ್ರಿಲ್‌ನಲ್ಲಿ ಶುರುವಾದರೆ ಕಂತು ಕಂತಾಗಿ ಬೇಸಿಗೆ ಪೂರ್ತಿ ಬರುತ್ತಿದ್ದವು. ಕೊನೆಯ ಕಂತು ಬರುವ ಹೊತ್ತಿಗೆ ಶಾಲೆ ಶುರುವಾಗಿ ಮಕ್ಕಳ ಗಮನ ಫುಟ್‌ಬಾಲ್ ಕಡೆ ಹೋಗಿರುತ್ತಿತ್ತು. 1952ರ ಟಾಪ್ಸ್‌ನಲ್ಲಿ ಮ್ಯಾಂಟಲ್ ಇದ್ದದ್ದು ಆ ಕೊನೆಯ ಕಂತಿನಲ್ಲಿ, 311ನೇ ನಂಬರ್. ಪೆಟ್ಟಿಗೆಗಟ್ಟಲೆ ಮಿಕ್ಕಿತು. 1960ರಲ್ಲಿ ಗೋದಾಮು ಖಾಲಿ ಮಾಡಲು ಆ ಪೆಟ್ಟಿಗೆಗಳನ್ನು ದೋಣಿಗೆ ಹೇರಿ ನ್ಯೂಜೆರ್ಸಿ ತೀರದಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆವು ಅಂತ ಬರ್ಗರ್ ಅವರೇ ಹೇಳಿದ್ದಾರೆ. 2022ರಲ್ಲಿ ಅದೇ ಮ್ಯಾಂಟಲ್ ಕಾರ್ಡಿನ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಯಿತು. ಅದು ಮ್ಯಾಂಟಲ್‌ನ ರೂಕಿ ಕಾರ್ಡ್ ಅಲ್ಲವೇ ಅಲ್ಲ. ರೂಕಿ ಬೋಮನ್‌ನಲ್ಲಿದೆ. ಆದರೂ ಟಾಪ್ಸ್‌ನದ್ದೇ ದುಬಾರಿ. ಆ ಸೆಟ್ ಅಷ್ಟು ಜನರ ಮನಸ್ಸಿನಲ್ಲಿ ಕೂತಿದೆ.

ಮುಖದ ಹಕ್ಕು

ಈಗ ಕರಾರಿಗೆ ಬರೋಣ. ಬೋಮನ್ ಆಟಗಾರರಿಂದ ಸಹಿ ಹಾಕಿಸಿಕೊಂಡಿತ್ತು: ಗಮ್ ಜೊತೆ ನನ್ನ ಚಿತ್ರ ಬೇರೆ ಯಾರೂ ಮಾರಬಾರದು ಅಂತ. ಟಾಪ್ಸ್ ಅದೇ ಆಟಗಾರರ ಹತ್ತಿರ ಹೋಗಿ ಬೇರೆ ಸಹಿ ಹಾಕಿಸಿತು. ಬೋಮನ್ ಕಾರ್ಡಿನ ಮಾಲೀಕತ್ವ ಆಗ ಹೇಲನ್ ಲ್ಯಾಬೊರೇಟರೀಸ್ ಅನ್ನುವ ಕಂಪನಿಯ ಕೈಗೆ ಬಂದಿತ್ತು. ಅದು ಕೋರ್ಟಿಗೆ ಹೋಯಿತು. ಟಾಪ್ಸ್ ವಾದ ಹೀಗಿತ್ತು: ಆಟಗಾರನ ಸಹಿ ಅಂದರೆ ‘ನನ್ನ ಚಿತ್ರ ಹಾಕಿದ್ದಕ್ಕೆ ನಿನ್ನ ಮೇಲೆ ಕೇಸ್ ಹಾಕುವುದಿಲ್ಲ’ ಅನ್ನುವ ಒಪ್ಪಿಗೆ ಅಷ್ಟೇ. ಅದು ಮಾರಬಹುದಾದ ಆಸ್ತಿ ಅಲ್ಲ. ಹಾಗಾಗಿ ಬೋಮನ್‌ಗೆ ನಮ್ಮನ್ನು ತಡೆಯುವ ಹಕ್ಕಿಲ್ಲ.

1953ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಜೆರೋಮ್ ಫ್ರಾಂಕ್ ಇದನ್ನು ಒಪ್ಪಲಿಲ್ಲ. ಖ್ಯಾತ ವ್ಯಕ್ತಿಯ ಮುಖಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಆ ಬೆಲೆಯ ಮೇಲೆ ಅವನಿಗೆ ಹಕ್ಕಿದೆ, ಅದನ್ನು ಅವನು ಒಬ್ಬರಿಗೇ ಕೊಡಬಹುದು ಅಂದರು. ಪ್ರಚಾರದ ಹಕ್ಕು ಅನ್ನುವ ಪರಿಕಲ್ಪನೆಗೆ ಕಾನೂನಿನಲ್ಲಿ ಹೆಸರು ಸಿಕ್ಕಿದ್ದು ಈ ಗಮ್ ಜಗಳದಲ್ಲಿ. ಸಿನಿಮಾ ನಟರು ಇವತ್ತು ನನ್ನ ಹೆಸರು, ನನ್ನ ದನಿ, ನನ್ನ ಶೈಲಿ ಬಳಸಬೇಡಿ ಅಂತ ಕೋರ್ಟಿಗೆ ಹೋಗುತ್ತಾರಲ್ಲ, ಆ ವಿಚಾರ ಬೆಳೆದುಬಂದ ದಾರಿಯಲ್ಲಿ ಇದು ಮೊದಲ ಮೈಲಿಗಲ್ಲು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ರಜನಿಕಾಂತ್ ಇಂಥದ್ದೇ ಹಕ್ಕಿಗಾಗಿ ಮದ್ರಾಸ್ ಹೈಕೋರ್ಟಿಗೆ ಹೋದರು. 2015ರಲ್ಲಿ ಅವರ ಪರ ಆದೇಶ ಬಂತು.

ಈ ತೀರ್ಪಿನ ಪರಿಣಾಮ ನೇರವಾಗಿ ಬಿದ್ದದ್ದು ಮಕ್ಕಳ ಜೇಬಿನ ಮೇಲೆ. ಕರಾರಿಗೆ ಬೆಲೆ ಬಂದ ಮೇಲೆ ಆಟಗಾರರು ಎರಡು ಕಡೆ ಹಂಚಿಹೋದರು. ಯಾವ ಕಂಪನಿಯೂ ಪೂರ್ತಿ ಸೆಟ್ ಕೊಡುವ ಹಾಗಿರಲಿಲ್ಲ.

1954ರ ನ್ಯೂಯಾರ್ಕನ್ನು ತಗೊಳ್ಳಿ. ಆ ಊರಿಗೆ ಆಗ ಮೂರು ದೊಡ್ಡ ತಂಡ. ಯಾಂಕೀಸ್ ಅಭಿಮಾನಿ ಹುಡುಗನಿಗೆ ಮ್ಯಾಂಟಲ್ ಬೇಕು, ಮ್ಯಾಂಟಲ್ ಇರುವುದು ಬೋಮನ್‌ನಲ್ಲಿ ಮಾತ್ರ. ಡಾಡ್ಜರ್ಸ್ ಅಭಿಮಾನಿಗೆ ಜಾಕಿ ರಾಬಿನ್ಸನ್ ಬೇಕು, ಅವರು ಟಾಪ್ಸ್‌ನಲ್ಲಿ ಮಾತ್ರ. ಜೈಂಟ್ಸ್ ಅಭಿಮಾನಿ ಅದೃಷ್ಟವಂತ, ವಿಲ್ಲಿ ಮೇಸ್ ಎರಡರಲ್ಲೂ ಇದ್ದರು. ಐದು ಸೆಂಟ್ ಹಿಡಿದು ಅಂಗಡಿಗೆ ಬಂದ ಹುಡುಗ ಬ್ರಾಂಡ್ ಆರಿಸುವಾಗ ನಿಜವಾಗಿ ತನ್ನ ತಂಡವನ್ನೇ ಆರಿಸುತ್ತಿದ್ದ. ಟೆಡ್ ವಿಲಿಯಮ್ಸ್ ವಿಷಯ ಇನ್ನೂ ವಿಚಿತ್ರ. ಅವರ ಕರಾರು ಟಾಪ್ಸ್ ಜೊತೆ, ಆ ವರ್ಷದ ಟಾಪ್ಸ್ ಸೆಟ್‌ನ ಮೊದಲ ಕಾರ್ಡೂ ಅವರೇ, ಕೊನೆಯದೂ ಅವರೇ. ಬೋಮನ್ ಕೂಡ 66ನೇ ನಂಬರಿನಲ್ಲಿ ಅವರನ್ನು ಅಚ್ಚು ಹಾಕಿಬಿಟ್ಟಿತು. ಆಮೇಲೆ ಹಿಂದಕ್ಕೆ ತೆಗೆದು ಅದೇ ನಂಬರಿಗೆ ಜಿಮ್ಮಿ ಪಿಯರ್ಸಲ್ ಅನ್ನು ಹಾಕಿತು. ಅಷ್ಟರಲ್ಲಿ ಕೆಲವು ಪ್ಯಾಕ್ ಅಂಗಡಿ ತಲುಪಿದ್ದವು. ಯಾವನೋ ಹುಡುಗ ಅದನ್ನು ಬಿಚ್ಚಿ ಮ್ಯಾಂಟಲ್ ಪಕ್ಕದ ನಂಬರಿನಲ್ಲಿ ವಿಲಿಯಮ್ಸ್ ಅನ್ನು ಕಂಡಿರಬೇಕು. ಸೇಂಟ್ ಲೂಯಿಸ್‌ನ ಮಹಾ ಆಟಗಾರ ಸ್ಟ್ಯಾನ್ ಮ್ಯೂಸಿಯಲ್ 1954ರಿಂದ ನಾಲ್ಕು ವರ್ಷ ಎರಡೂ ಕಡೆ ಇರಲಿಲ್ಲ. ಟಾಪ್ಸ್‌ನಲ್ಲಿ ಅವರು ಮೊದಲ ಸಲ ಕಾಣಿಸಿದ್ದು 1958ರಲ್ಲಿ.

ಹಾಗಂತ ರುಚಿಗೆ ಜಾಗವೇ ಇರಲಿಲ್ಲ ಅಂತಲ್ಲ. ಎರಡು ಕಂಪನಿಗಳ ಕಣ್ಣೇ ಬೇರೆ. 1953ರಲ್ಲಿ ಟಾಪ್ಸ್ ಪೇಂಟಿಂಗ್ ಕೊಟ್ಟಿತು. ಬೋಮನ್ ನಿಜವಾದ ಬಣ್ಣದ ಫೋಟೊ ಕೊಟ್ಟಿತು. ಮುಂಭಾಗದಲ್ಲಿ ಹೆಸರಿಲ್ಲ, ಲಾಂಛನವಿಲ್ಲ, ಬರೀ ಫೋಟೊ. ನನ್ನ ಕಣ್ಣಿಗೆ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಇದಕ್ಕಿಂತ ಸುಂದರವಾದದ್ದು ಬಂದಿಲ್ಲ. ಪೀ ವೀ ರೀಸ್ ಜಾರಿಬರುವ ಎದುರಾಳಿಯ ಮೇಲಿಂದ ಹಾರುತ್ತಿರುವ ಕಾರ್ಡ್ ಒಂದನ್ನು ನೋಡಿದರೆ ಸಾಕು. ಆದರೆ ಮುದ್ರಣದ ಖರ್ಚು ಬೋಮನ್‌ಗೆ ತಡೆಯಲಾಗಲಿಲ್ಲ, ಉಳಿದ 64 ಕಾರ್ಡು ಕಪ್ಪುಬಿಳುಪಿನಲ್ಲೇ ಬಂದವು. 1955ರಲ್ಲಿ ಬೋಮನ್ ಪ್ರತಿ ಆಟಗಾರನನ್ನೂ ಮರದ ಚೌಕಟ್ಟಿನ ಟಿವಿಯೊಳಗೆ ಕೂರಿಸಿತು. ಅಂಪೈರ್‌ಗಳಿಗೂ ಕಾರ್ಡ್ ಮಾಡಿತು. ಅಂಪೈರ್ ಚಿತ್ರ ಯಾವ ಮಗುವಿಗೆ ಬೇಕು, ಹೇಳಿ. ಟಾಪ್ಸ್ ಅದೇ ವರ್ಷ ಅಡ್ಡ ಕಾರ್ಡಿನಲ್ಲಿ ಒಂದು ದೊಡ್ಡ ಮುಖ, ಪಕ್ಕದಲ್ಲಿ ಆಡುತ್ತಿರುವ ಸಣ್ಣ ಚಿತ್ರ ಕೊಟ್ಟಿತು. ಅದೇ ಸೆಟ್‌ನಲ್ಲಿ ರಾಬರ್ಟೊ ಕ್ಲೆಮೆಂಟೆ, ಸ್ಯಾಂಡಿ ಕೌಫ್ಯಾಕ್ಸ್ ಇಬ್ಬರ ರೂಕಿ ಕಾರ್ಡ್ ಇತ್ತು. ಹಿಂದಿನ ವರ್ಷ ಹ್ಯಾಂಕ್ ಆರನ್ ಕೂಡ ಟಾಪ್ಸ್‌ಗೇ ಬಂದಿದ್ದರು. ಹೊಸ ಹುಡುಗರನ್ನು ಹಿಡಿಯುವುದರಲ್ಲಿ ಟಾಪ್ಸ್ ಗೆಲ್ಲುತ್ತಿತ್ತು.

1956ರ ಜನವರಿಯಲ್ಲಿ ಟಾಪ್ಸ್ 2 ಲಕ್ಷ ಡಾಲರ್ ಕೊಟ್ಟು ಬೋಮನ್‌ನ ಕಾರ್ಡ್ ವ್ಯವಹಾರವನ್ನೇ ಕೊಂಡಿತು. ಆ ವರ್ಷ ಮ್ಯಾಂಟಲ್ ಟಾಪ್ಸ್‌ಗೆ ಮರಳಿದರು. ಯಾಂಕೀಸ್ ಹುಡುಗನಿಗೆ ಖುಷಿಯೇ ಆಗಿರಬೇಕು. ಆದರೆ ಅಂಗಡಿಯಲ್ಲಿ ಎರಡು ಡಬ್ಬಿ ಇದ್ದ ಜಾಗದಲ್ಲಿ ಒಂದೇ ಉಳಿಯಿತು.

ಒಂದೇ ಡಬ್ಬಿಯ ಕಾಲ

1957ರಲ್ಲಿ ಟಾಪ್ಸ್ ಕಾರ್ಡಿನ ಅಳತೆಯನ್ನು ಎರಡೂವರೆಗೆ ಮೂರೂವರೆ ಇಂಚು ಅಂತ ಮಾಡಿತು. ಇವತ್ತಿಗೂ ಅದೇ ಅಳತೆ. ಎದುರಾಳಿ ಇಲ್ಲದವರು ಹಾಕಿದ ಗೆರೆ ಎಷ್ಟು ಕಾಲ ಬಾಳುತ್ತದೆ ನೋಡಿ.

ಟಾಪ್ಸ್ ಕೋಟೆ ಕಟ್ಟಿದ ರೀತಿ ಸರಳ. ಸೈ ಬರ್ಗರ್ ಮತ್ತು ಅವರ ಜನ ಕೆಳಹಂತದ ಲೀಗ್‌ಗಳಿಗೆ ಹೋಗಿ, ಇನ್ನೂ ಹೆಸರು ಮಾಡದ ಹುಡುಗರ ಕೈಗೆ 5 ಡಾಲರ್ ಇಟ್ಟು ಸಹಿ ಹಾಕಿಸುತ್ತಿದ್ದರು. ಅವನು ಮುಂದೆ ದೊಡ್ಡ ಲೀಗ್ ತಲುಪಿದರೆ ವರ್ಷಕ್ಕೆ 125 ಡಾಲರ್. ಹಣದ ಬದಲು ಉಡುಗೊರೆ ಪಟ್ಟಿಯಿಂದ ಮನೆಸಾಮಾನು ಆರಿಸಿಕೊಳ್ಳಬಹುದಿತ್ತು. ಇಪ್ಪತ್ತು ವರ್ಷದ ಹುಡುಗನಿಗೆ ಅದೇ ದೊಡ್ಡದು. ನಾಳೆ ಬಂದ ಕಂಪನಿಗೆ ಸಹಿ ಹಾಕದ ಆಟಗಾರ ಎಲ್ಲಿ ಸಿಗಬೇಕು?

ಫಿಲಡೆಲ್ಫಿಯಾದ ಫ್ಲೀರ್ ಪ್ರಯತ್ನಪಟ್ಟಿತು. ಇದು ಸಾಮಾನ್ಯ ಕಂಪನಿ ಅಲ್ಲ. 1928ರಲ್ಲಿ ಗುಳ್ಳೆ ಬಿಡಬಹುದಾದ ಗಮ್ ಕಂಡುಹಿಡಿದವರು ಇಲ್ಲಿನ ಲೆಕ್ಕಪತ್ರದ ನೌಕರ ವಾಲ್ಟರ್ ಡೀಮರ್. 1959ರಲ್ಲಿ ಫ್ಲೀರ್ ಟೆಡ್ ವಿಲಿಯಮ್ಸ್ ಒಬ್ಬರನ್ನೇ ಒಪ್ಪಿಸಿ, ಅವರ ಜೀವನವನ್ನೇ 80 ಕಾರ್ಡುಗಳ ಸೆಟ್ ಮಾಡಿತು. 1963ರಲ್ಲಿ ಒಂದು ಉಪಾಯ ಹೂಡಿತು. ಟಾಪ್ಸ್‌ನ ಕರಾರು ಗಮ್ ಮತ್ತು ಮಿಠಾಯಿಗೆ ತಾನೇ? ಹಾಗಾದರೆ ಕುಕಿ ಇಡೋಣ. 66 ಆಟಗಾರರ ಕಾರ್ಡು ಚೆರ್ರಿ ಕುಕಿ ಜೊತೆ ಅಂಗಡಿಗೆ ಬಂತು. ಅದರಲ್ಲಿ ಮೌರಿ ವಿಲ್ಸ್ ಇದ್ದರು. ಹಿಂದಿನ ಸೀಸನ್‌ನಲ್ಲಿ 104 ಬೇಸ್ ಕದ್ದು, ಅಂದರೆ ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿ, ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರು. ಟಾಪ್ಸ್ ಸೆಟ್‌ನಲ್ಲಿ ಅವರ ಕಾರ್ಡೇ ಇರಲಿಲ್ಲ. ಅಂಥವರ ಕಾರ್ಡ್ ಕುಕಿ ಪ್ಯಾಕ್‌ನಲ್ಲಿ ಬಂತು. ಟಾಪ್ಸ್ ಕೋರ್ಟಿಗೆ ಹೋಯಿತು, ಫ್ಲೀರ್ ನಿಲ್ಲಿಸಿತು. ವಿಲ್ಸ್ ಟಾಪ್ಸ್ ಸೆಟ್‌ಗೆ ಬಂದದ್ದು 1967ರಲ್ಲಿ. ಕೇಂದ್ರ ವ್ಯಾಪಾರ ಆಯೋಗದಲ್ಲೂ ಟಾಪ್ಸ್ ಏಕಸ್ವಾಮ್ಯದ ಮೇಲೆ ದೂರು ನಡೆದಿತ್ತು, 1965ರಲ್ಲಿ ಆಯೋಗ ಅದನ್ನು ವಜಾ ಮಾಡಿತು.

ಈ ಕಾಲದ ಮಕ್ಕಳಿಗೆ ಬ್ರಾಂಡ್ ಜಗಳ ಇರಲಿಲ್ಲ. ಅವರ ಜಗಳ ವರ್ಷಗಳದ್ದು. ಯಾವ ವರ್ಷದ ಟಾಪ್ಸ್ ಚೆಂದ? 1962ರ ಮರದ ಅಂಚಾ, 1975ರ ಎರಡು ಬಣ್ಣದ ಅಂಚಾ? ಬೇರೆ ಕಾರ್ಡ್ ಬೇಕಾದರೆ ಅಡುಗೆಮನೆಯಲ್ಲಿ ಹುಡುಕಬೇಕಿತ್ತು. ಅರವತ್ತರ ದಶಕದ ಶುರುವಿನಲ್ಲಿ ಪೋಸ್ಟ್ ಸೀರಿಯಲ್ ಡಬ್ಬಿಯ ಹಿಂಬದಿ, ಎಪ್ಪತ್ತರಲ್ಲಿ ಹೋಸ್ಟೆಸ್ ಕೇಕ್ ಡಬ್ಬಿಯ ತಳ. ಕತ್ತರಿ ಹಿಡಿದು ಗೆರೆಯ ಮೇಲೆ ಕತ್ತರಿಸಬೇಕು. ಕೆಲಾಗ್ಸ್ ಡಬ್ಬಿಯೊಳಗೆ ಅಲುಗಾಡಿಸಿದರೆ ಆಳ ಕಾಣುವ ಪ್ಲಾಸ್ಟಿಕ್ ಕಾರ್ಡ್ ಬರುತ್ತಿತ್ತು. ಅಮ್ಮ ಯಾವ ತಿಂಡಿ ತರುತ್ತಾಳೆ ಅನ್ನುವುದರ ಮೇಲೆ ಸಂಗ್ರಹ ನಿಂತಿತ್ತು.

ಆಟಗಾರರ ಕಡೆಯಿಂದ ಬದಲಾವಣೆ ತಂದವರು ಮಾರ್ವಿನ್ ಮಿಲ್ಲರ್. 1966ರಲ್ಲಿ ಆಟಗಾರರ ಸಂಘದ ಹೊಣೆ ಹೊತ್ತವರು. 125 ಡಾಲರ್ ಸಾಲದು ಅಂದರು. ಆಟಗಾರರು ಟಾಪ್ಸ್ ಕ್ಯಾಮೆರಾಕ್ಕೆ ಪೋಸ್ ಕೊಡುವುದನ್ನೇ ನಿಲ್ಲಿಸಿದರು. ಆ ಹೊತ್ತಿನ ಟಾಪ್ಸ್ ಸೆಟ್‌ಗಳಲ್ಲಿ ಹಳೆಯ ಫೋಟೊ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ವಾ? 1968ರ ಒಪ್ಪಂದದಲ್ಲಿ ಆ ಮೊತ್ತ 250 ಡಾಲರ್ ಆಯಿತು, ಜೊತೆಗೆ ಮಾರಾಟದಲ್ಲಿ ಪಾಲು ಸಿಕ್ಕಿತು. ಮುಖ್ಯ ವಿಷಯ ಏನೆಂದರೆ, ಒಬ್ಬೊಬ್ಬ ಆಟಗಾರನ ಸಹಿಯಿಂದ ಶಕ್ತಿ ನಿಧಾನವಾಗಿ ಸಂಘದ ಕೈಗೆ ಬಂತು.

1981: ಮೂರು ಡಬ್ಬಿ

ಫ್ಲೀರ್ 1975ರಲ್ಲಿ ಟಾಪ್ಸ್ ಮೇಲೂ ಆಟಗಾರರ ಸಂಘದ ಮೇಲೂ ಕೇಸ್ ಹಾಕಿತು. 1980ರ ಜೂನ್ 30ರಂದು ನ್ಯಾಯಾಧೀಶ ಕ್ಲಾರೆನ್ಸ್ ನ್ಯೂಕಮರ್ ಫ್ಲೀರ್ ಪರ ತೀರ್ಪು ಕೊಟ್ಟರು. ಪರಿಹಾರ 1 ಡಾಲರ್, ಕಾನೂನಿನಂತೆ ಮೂರು ಪಟ್ಟು ಮಾಡಿ 3 ಡಾಲರ್. ಹಣ ಯಾರಿಗೆ ಬೇಕಿತ್ತು? ಬಾಗಿಲು ತೆರೆಯಿತು. ಫ್ಲೀರ್ ಬಂತು, ಮೆಂಫಿಸ್‌ನ ಡಾನ್‌ರಸ್ ಕೂಡ ಬಂತು.

ತಿಂಗಳುಗಳಲ್ಲಿ ಸೆಟ್ ಮಾಡಬೇಕಾದ ಅವಸರ ಇಬ್ಬರ ಕಾರ್ಡಲ್ಲೂ ಎದ್ದು ಕಾಣುತ್ತದೆ. ಡಾನ್‌ರಸ್ ರಟ್ಟು ತೆಳು, ಚಿತ್ರ ಮಸುಕು. ಫ್ಲೀರ್‌ನಲ್ಲಿ ಗ್ರೇಗ್ ನೆಟಲ್ಸ್ ಹೆಸರು ಕ್ರೇಗ್ ಆಯಿತು, ಆಮೇಲೆ ತಿದ್ದಿದರು. ಆ ವರ್ಷ ದೇಶವನ್ನೇ ಹುಚ್ಚು ಹಿಡಿಸಿದ ಮೆಕ್ಸಿಕೊದ ಹುಡುಗ ಫರ್ನಾಂಡೊ ವಲೆನ್ಜುವೆಲಾ ಫ್ಲೀರ್‌ನಲ್ಲಿ ‘ಫರ್ನಾಂಡ್’ ಆದರು. ಆದರೂ ಅಲ್ಲಿ ಕಾರ್ಡ್ ಪೂರ್ತಿ ಅವರದ್ದೇ. ಟಾಪ್ಸ್‌ನಲ್ಲಿ ಅವರು ಇನ್ನಿಬ್ಬರ ಜೊತೆ ಇಕ್ಕಟ್ಟಾಗಿ ಕೂತಿದ್ದರು. ಮುಂದಿನ ವರ್ಷ ಕ್ಯಾಲ್ ರಿಪ್ಕನ್‌ಗೂ ಅದೇ ಆಯಿತು: ಟಾಪ್ಸ್‌ನಲ್ಲಿ ಮೂವರಲ್ಲಿ ಒಬ್ಬ, ಫ್ಲೀರ್ ಮತ್ತು ಡಾನ್‌ರಸ್‌ನಲ್ಲಿ ಒಬ್ಬನೇ ರಾಜ. ಹೊಸ ಕಂಪನಿಗಳ ಕಡೆ ಮಕ್ಕಳ ಮನಸ್ಸು ವಾಲಿದ್ದಕ್ಕೆ ಇಂಥ ಕಾರಣಗಳೂ ಇದ್ದವು.

1981ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಗಮ್ ಜೊತೆ ಕಾರ್ಡ್ ಮಾರುವ ಹಕ್ಕು ಟಾಪ್ಸ್‌ಗೆ ಮಾತ್ರ. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಸಂಘದ ಪರವಾನಗಿ ಈಗ ಹೊಸಬರ ಕೈಯಲ್ಲಿತ್ತು, ಹಾಗಾಗಿ ಅವರು ಗಮ್ ಬಿಟ್ಟರು. ಫ್ಲೀರ್ ಪ್ಯಾಕಿನಲ್ಲಿ ತಂಡಗಳ ಲಾಂಛನದ ಸ್ಟಿಕರ್ ಬಂತು. ಡಾನ್‌ರಸ್‌ನಲ್ಲಿ ಜಿಗ್ಸಾ ಚಿತ್ರದ ತುಂಡುಗಳು, ಮೊದಲ ವರ್ಷ ಬೇಬ್ ರೂತ್, ಆಮೇಲೆ ಟೈ ಕಾಬ್. ಎಂಬತ್ತರ ದಶಕದ ಮಕ್ಕಳು ಮೂರು ಬ್ರಾಂಡನ್ನು ನೆನಪಿಸಿಕೊಳ್ಳುವುದೇ ಹೀಗೆ: ಗಮ್‌ನ ಪುಡಿ, ಪುಸ್ತಕದ ಮೇಲೆ ಅಂಟಿಸಿದ ಸ್ಟಿಕರ್, ಎಂದೂ ಪೂರ್ತಿಯಾಗದ ಜಿಗ್ಸಾ. ಈ ಮೂರು ನೆನಪೂ ಒಂದು ತೀರ್ಪಿನಿಂದ ಹುಟ್ಟಿದ್ದು. ಟಾಪ್ಸ್ ಪ್ಯಾಕಿನ ಕೊನೆಯ ಕಾರ್ಡಿಗೆ ಗಮ್‌ನ ಕಲೆ ಹತ್ತುತ್ತಿತ್ತು, ಉಳಿದೆರಡಕ್ಕೆ ಆ ಕಾಟ ಇಲ್ಲ. ಮಕ್ಕಳು ಇದನ್ನೂ ಲೆಕ್ಕಕ್ಕೆ ಹಿಡಿದರು.

ಡಾನ್‌ರಸ್ ಬೇಗ ಕಲಿಯಿತು. 1982ರಿಂದ ಡಿಕ್ ಪೆರೆಜ್ ಬಿಡಿಸಿದ ಪೇಂಟಿಂಗ್‌ಗಳನ್ನು ಸೆಟ್‌ನ ಮೊದಲಿಗೇ ಇಟ್ಟಿತು. 1984ರಲ್ಲಿ ಭರವಸೆಯ ಹೊಸಬರಿಗೆ ‘ರೇಟೆಡ್ ರೂಕಿ’ ಅಂತ ಮುದ್ರೆ ಹಾಕಿತು. ಆ ವರ್ಷದ ಡಾನ್‌ರಸ್ ಸೆಟ್‌ನ ಡಾನ್ ಮ್ಯಾಟಿಂಗ್ಲಿ ಕಾರ್ಡ್ ಒಂದು ತಲೆಮಾರಿನ ಕನಸಾಗಿತ್ತು. 1986ರಲ್ಲಿ ಹೋಸೆ ಕ್ಯಾನ್ಸೆಕೊ ಡಾನ್‌ರಸ್‌ನಲ್ಲಿ ಇದ್ದರು, ಟಾಪ್ಸ್‌ನ ಮುಖ್ಯ ಸೆಟ್‌ನಲ್ಲಿ ಇರಲಿಲ್ಲ. ಮತ್ತೆ ಅದೇ ಕಥೆ: ಯಾರು ಬೇಕು ಅನ್ನುವುದು ಯಾವ ಡಬ್ಬಿ ಅನ್ನುವುದನ್ನು ನಿರ್ಧರಿಸುತ್ತಿತ್ತು.

ಈ ಹೊತ್ತಿಗೆ ಇನ್ನೊಂದು ಶಕ್ತಿ ಬಂದಿತ್ತು. ಐವತ್ತರ ದಶಕದ ಮಕ್ಕಳು ಬೆಳೆದು, ದುಡಿದು, ಕಳೆದುಹೋದ ಕಾರ್ಡನ್ನು ಹಣ ಕೊಟ್ಟು ಕೊಳ್ಳಲು ಹೊರಟಿದ್ದರು. 1980ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸಂಗ್ರಾಹಕರ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಕೆಟ್ ಕಾರ್ಡುಗಳ ಬೆಲೆಪಟ್ಟಿ ಮಾಡಿದರು, 1984ರ ಕೊನೆಗೆ ಅದು ಮಾಸಪತ್ರಿಕೆಯಾಯಿತು. ಕಾರ್ಡಿನ ಪಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ ಬಾಣದ ಗುರುತು. ಮಗು ಈಗ ಇಷ್ಟದ ಜೊತೆಗೆ ಬೆಲೆಯನ್ನೂ ನೋಡತೊಡಗಿತು. ಸೈಕಲ್ ಚಕ್ರಕ್ಕೆ ಸಿಗಿಸುವುದು ನಿಂತಿತು, ಪ್ಲಾಸ್ಟಿಕ್ ಹಾಳೆಯಲ್ಲಿ ಇಡುವುದು ಶುರುವಾಯಿತು. ಇದು ನನಗೆ ಬೇಸರದ ವಿಷಯ. ಕಾರ್ಡ್ ಮಕ್ಕಳ ಕೈಯಿಂದ ಜಾರಿದ್ದು ಇಲ್ಲಿ.

ಇನ್ನೂ ಹೊಸ ಬ್ರಾಂಡ್‌ಗಳು ಬಂದವು: 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್. ಅಪ್ಪರ್ ಡೆಕ್ ಪ್ಯಾಕ್ ಹತ್ತಿರ ಹತ್ತಿರ 1 ಡಾಲರ್, ಉಳಿದವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಬಿಳಿ ರಟ್ಟು, ಹೊಳೆಯುವ ಹೊದಿಕೆ, ನಕಲಿ ತಡೆಯಲು ಹಾಲೊಗ್ರಾಮ್. ಮೊದಲ ನಂಬರಿಗೆ ಇನ್ನೂ ದೊಡ್ಡ ಲೀಗ್‌ನಲ್ಲಿ ಆಡದ 19ರ ಹುಡುಗ ಕೆನ್ ಗ್ರಿಫಿ ಜೂನಿಯರ್. ಸಿಯಾಟಲ್ ಟೋಪಿ ಹಾಕಿದ ಅವನ ಫೋಟೊ ಇವರ ಹತ್ತಿರ ಇರಲಿಲ್ಲ, ಕೆಳಹಂತದ ತಂಡದ ಫೋಟೊಗೆ ಬಣ್ಣ ತಿದ್ದಿದರು. ಟಾಪ್ಸ್ ಆ ವರ್ಷದ ಮುಖ್ಯ ಸೆಟ್‌ನಲ್ಲಿ ಗ್ರಿಫಿಯನ್ನು ಸೇರಿಸಿರಲಿಲ್ಲ. ಅದೇ 1989ರಲ್ಲಿ ಟಾಪ್ಸ್ ತಾನೇ ಮುಚ್ಚಿದ್ದ ಬೋಮನ್ ಹೆಸರನ್ನು ಮತ್ತೆ ಹೊರತೆಗೆಯಿತು. ಅಪ್ಪಂದಿರ ನೆನಪಿಗೂ ಮಾರುಕಟ್ಟೆ ಇದೆ ಅಂತ ಅವರಿಗೆ ಗೊತ್ತಾಗಿತ್ತು.

ಎಲ್ಲರೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದರು. 1952ರ ಕಾರ್ಡಿಗೆ ಬೆಲೆ ಬಂದದ್ದು ಅಮ್ಮಂದಿರು ಗುಡಿಸಿ ಎಸೆದದ್ದರಿಂದ, ಕಂಪನಿ ಸಮುದ್ರಕ್ಕೆ ಸುರಿದದ್ದರಿಂದ. 1989ರ ಕಾರ್ಡನ್ನು ಯಾರೂ ಎಸೆಯಲಿಲ್ಲ. ಎಲ್ಲರ ಮನೆಯಲ್ಲೂ ಪೆಟ್ಟಿಗೆ ಇದ್ದ ಮೇಲೆ ಕೊಳ್ಳುವವರು ಯಾರು? 1994ರ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರ ಶುರುವಾಗಿ ಆ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಪ್ರಶಸ್ತಿ ಸರಣಿ, ರದ್ದಾಯಿತು, ಕೋಪಗೊಂಡ ಜನ ಕಾರ್ಡಿನಿಂದಲೂ ದೂರವಾದರು. ಕಂಪನಿಗಳು ಒಂದೊಂದಾಗಿ ಬಿದ್ದವು. ಫ್ಲೀರ್ 2005ರಲ್ಲಿ ಮುಚ್ಚಿತು, ಅದರ ಹೆಸರು ಅಪ್ಪರ್ ಡೆಕ್ ಪಾಲಾಯಿತು. ಡಾನ್‌ರಸ್ ಕೈಯಿಂದ ಕೈಗೆ ಹೋಗಿ 2009ರಲ್ಲಿ ಇಟಲಿಯ ಕಾರ್ಡ್ ಮತ್ತು ಸ್ಟಿಕರ್ ಕಂಪನಿ ಪಾನಿನಿಗೆ ಸೇರಿತು.

ಈಗಿನ ಸ್ಥಿತಿ ಹೀಗಿದೆ. ಕಾರ್ಡಿಗೆ ಎರಡು ಪರವಾನಗಿ ಬೇಕು. ಆಟಗಾರನ ಮುಖಕ್ಕೆ ಸಂಘದ್ದು, ತಂಡದ ಹೆಸರು ಮತ್ತು ಲಾಂಛನಕ್ಕೆ ಲೀಗ್‌ನದ್ದು. 2010ರಿಂದ ಲೀಗ್ ತನ್ನ ಪರವಾನಗಿಯನ್ನು ಟಾಪ್ಸ್‌ಗೆ ಮಾತ್ರ ಕೊಟ್ಟಿತು. ಹಾಗಾಗಿ 2014ರಲ್ಲಿ ಪಾನಿನಿ ಡಾನ್‌ರಸ್ ಬೇಸ್‌ಬಾಲ್ ಸೆಟ್ ಮತ್ತೆ ತಂದಾಗ ಆಟಗಾರರ ಟೋಪಿಯ ಮೇಲೆ ಲಾಂಛನವೇ ಇರಲಿಲ್ಲ. 2021ರಲ್ಲಿ ಫ್ಯಾನಟಿಕ್ಸ್ ಅನ್ನುವ ಕಂಪನಿ ಲೀಗ್ ಮತ್ತು ಸಂಘ ಎರಡರಿಂದಲೂ ಮುಂದಿನ ಹಕ್ಕು ಪಡೆಯಿತು, 2022ರ ಜನವರಿಯಲ್ಲಿ ಟಾಪ್ಸ್ ಅನ್ನೇ ಕೊಂಡಿತು. ಇವತ್ತು ಅಂಗಡಿಯಲ್ಲಿ ಟಾಪ್ಸ್ ಮತ್ತು ಬೋಮನ್ ಪ್ಯಾಕ್‌ಗಳು ಪಕ್ಕಪಕ್ಕದಲ್ಲಿ ನೇತಾಡುತ್ತವೆ, ದುಡ್ಡು ಹೋಗುವುದು ಒಂದೇ ಕಡೆಗೆ. 2023ರ ಆಗಸ್ಟ್‌ನಲ್ಲಿ ಪಾನಿನಿ ಫ್ಯಾನಟಿಕ್ಸ್ ಮೇಲೆ ಏಕಸ್ವಾಮ್ಯದ ಕೇಸ್ ಹಾಕಿತು, ಫ್ಯಾನಟಿಕ್ಸ್ ತಿರುಗಿ ಕೇಸ್ ಹಾಕಿತು. 1975ರಲ್ಲಿ ಫ್ಲೀರ್ ಕೇಳಿದ್ದನ್ನೇ ಪಾನಿನಿ ಕೇಳುತ್ತಿದೆ: ಎಲ್ಲ ಆಟಗಾರರನ್ನೂ ಒಬ್ಬರೇ ಇಟ್ಟುಕೊಂಡರೆ ಉಳಿದವರು ಏನನ್ನು ಅಚ್ಚು ಹಾಕಬೇಕು?